ಕೆಂಪು ಸೀಲು

ಮಾರ್ಚ್ 4, ಮಂಗಳವಾರ

ಇದು ಲಸಿಕೆಯ ಹಳೇ ರಿಜಿಸ್ಟರು. ಹಿಂದಿನ ಅರ್ಧ ಖಾಲಿ ಉಳಿದಿತ್ತು. ಯಾರ ಹತ್ತಿರವೂ ಹೇಳಲಾಗದ್ದನ್ನು ಇದಕ್ಕಾದರೂ ಹೇಳೋಣವೆಂದು ಊಟದ ಹೊತ್ತಿನಲ್ಲಿ ಡ್ಯೂಟಿ ರೂಮಿನ ಬಾಗಿಲು ಹಾಕಿಕೊಂಡು ಕೂತಿದ್ದೇನೆ.

ಮೇಲಿನ ಆಫೀಸಿನಿಂದ ಕಾಗದ ಬಂದಿದೆ. ಗುರುವಾರ, ಶುಕ್ರವಾರ ತರಬೇತಿ. ವಿಷಯ, ಸಿಫಿಲಿಸ್ ಪತ್ತೆ ಮತ್ತು ಚಿಕಿತ್ಸೆ. ಕ್ಲಿನಿಕ್ಕಿಗೊಬ್ಬರಂತೆ ಹೋಗಿ ಕಲಿತು, ಬಂದು ಉಳಿದವರಿಗೆ ಕಲಿಸಬೇಕಂತೆ. ಡಾಕ್ಟರು ಕನ್ನಡಕ ಹಣೆಗೇರಿಸಿ ನನ್ನ ಕಡೆ ನೋಡಿದರು. "ಇಪ್ಪತ್ತಾರು ವರ್ಷ ಸರ್ವೀಸಾದೋರು ನೀವೇ ತಾನೆ ಸಿಸ್ಟರ್? ನೀವೇ ಹೋಗ್ಬನ್ನಿ."

ಚಿನಕುರುಳಿ ಚಪ್ಪಾಳೆ ತಟ್ಟಿದಳು. ಹೋದ ವರ್ಷ ಸೇರಿದ ನರ್ಸು ಅವಳು. ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲವೆಂದು ಆ ಹೆಸರು ಇಟ್ಟವಳು ನಾನೇ. "ಅಕ್ಕಾ, ವಾಪಸ್ ಬಂದ್ಮೇಲೆ ನೀವು ಟೀಚರು, ನಾನು ಲಾಸ್ಟ್ ಬೆಂಚು!"

ನನಗೆ ನಗು ಬರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೇಕಾಯಿ ಎಂದರೆ ಇದೇ. ಆ ಕಾಯಿಲೆಗೆ ಇರುವ ಸರಿಯಾದ ಮದ್ದು ಪೆನಿಸಿಲಿನ್ ಇಂಜೆಕ್ಷನ್. ಹನ್ನೊಂದು ವರ್ಷದಿಂದ ನಾನು ಅದನ್ನು ಯಾರಿಗೂ ಕೊಟ್ಟಿಲ್ಲ. ಈ ಕ್ಲಿನಿಕ್ಕಿನಲ್ಲಿ ಯಾರೂ ಕೊಟ್ಟಿಲ್ಲ. ವರ್ಷಕ್ಕೆ ನಲವತ್ತು ಸೀಸೆ ಬರುತ್ತವೆ, ಅವಧಿ ಮುಗಿಯುತ್ತದೆ, ಎಸೆದೆವೆಂದು ನಾನೇ ಸಹಿ ಹಾಕುತ್ತೇನೆ. ಎರಡು ದಿನದಲ್ಲಿ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಆಗ ಏನು ಹೇಳಲಿ?

ಮಾರ್ಚ್ 6, ಗುರುವಾರ

ಪಾಠ ಹೇಳಿದವರು ಬಿಳಿಗೂದಲಿನ ಒಬ್ಬ ಡಾಕ್ಟರಮ್ಮ. ಪುಟ್ಟ ಆಳು, ದೊಡ್ಡ ಗಂಟಲು. ಮೊದಲು ನೋವಿಲ್ಲದ ಒಂದು ಹುಣ್ಣು, ಅದು ತಾನಾಗಿ ಮಾಯುತ್ತದೆ. ಆಮೇಲೆ ಮೈಮೇಲೆ ದದ್ದು, ಅಂಗೈ ಅಂಗಾಲಿನಲ್ಲೂ. ಅದೂ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಒಳಗೇ ಅಡಗಿ ಕೂರುತ್ತದೆ. "ಅಂಗೈ ದದ್ದನ್ನ ಸೋಪಿನ ಅಲರ್ಜಿ ಅಂತ ಕಳಿಸ್ದೋರು ಎಷ್ಟು ಜನ ಇದೀರಿ?" ಎಂದು ಕೇಳಿದರು. ಮೂರು ಕೈ ಎದ್ದವು. ನನ್ನದು ಏಳಲಿಲ್ಲ, ಏಳಬೇಕಿತ್ತು.

ಆಮೇಲೆ ಅವರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಬಸುರಿಗೆ ಈ ಕಾಯಿಲೆ ಇದ್ರೆ ಪೆನಿಸಿಲಿನ್ ಒಂದೇ ದಾರಿ. ಮಾತ್ರೆಯಿಂದ ತಾಯಿ ರಕ್ತ ಸುಧಾರಿಸಬಹುದು. ಒಳಗಿರೋ ಮಗುವಿಗೆ ಅದು ಸರಿಯಾಗಿ ತಲುಪಲ್ಲ. ಮಾತ್ರೆ ಕೊಟ್ರೆ ಮಗುವನ್ನ ಕೈಬಿಟ್ಟ ಹಾಗೇನೇ."

"ಒಗ್ಗದೇ ಇರೋರಿಗೆ?" ಎಂದು ಯಾರೋ ಕೇಳಿದರು.

"ನಿಜವಾಗ್ಲೂ ಒಗ್ಗದೋರು ಬಲು ಅಪರೂಪ. ಕೆಲವು ಕ್ಲಿನಿಕ್ಕಲ್ಲಿ ಮಾತ್ರ ಊರಿಗೆ ಊರೇ ಒಗ್ಗದೋರು ಇರ್ತಾರೆ, ಅದು ಹೇಗೋ ನಂಗೆ ಗೊತ್ತಿಲ್ಲ."

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡೆ. ಅದರಲ್ಲಿ ಏನೂ ಇರಲಿಲ್ಲ. ಇರುವುದು ಕ್ಲಿನಿಕ್ಕಿನ ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿ. ರಬ್ಬರಿನ ಸೀಲು, ಕೆಂಪು ಇಂಕಿನ ಪ್ಯಾಡು. "ಪೆನಿಸಿಲಿನ್ ಒಗ್ಗುವುದಿಲ್ಲ." ರಕ್ತದಲ್ಲಿ ಆ ಕಾಯಿಲೆ ಕಂಡವರ ಕಾರ್ಡಿಗೆಲ್ಲ ಒಂದೊಂದು ಹೊಡೆಯುತ್ತೇನೆ. ಆಮೇಲೆ ಯಾಕೆ ಇಂಜೆಕ್ಷನ್ ಕೊಟ್ಟಿಲ್ಲವೆಂದು ಯಾವ ಆಡಿಟ್ಟೂ ಕೇಳುವುದಿಲ್ಲ. ನಮ್ಮ ಕ್ಲಿನಿಕ್ಕಿನ ಡಾಕ್ಟರ ಯೋಚನೆ ಅದು. ಅಂಗಡಿಗೆ ಹೋಗಿ ಮಾಡಿಸಿ ತಂದವಳು ನಾನು.

ಮಾರ್ಚ್ 7, ಶುಕ್ರವಾರ

ಇವತ್ತು ಸ್ಪಂಜಿಗೆ ಸೂಜಿ ಚುಚ್ಚಿ ತೋರಿಸಬೇಕಿತ್ತು. ಸ್ಪಂಜಿಗೆ! ಕೈ ಗಡಗಡ ನಡುಗಿತು. "ಬೆಳಗ್ಗೆ ಕಾಫಿ ಜಾಸ್ತಿ ಆಯ್ತು" ಎಂದೆ. ಡಾಕ್ಟರಮ್ಮ ಏನೂ ಕೇಳದೆ ತಮ್ಮ ಫೋನ್ ನಂಬರು ಬರೆದುಕೊಟ್ಟರು. ಬೇರೆ ಯಾರಿಗೂ ಕೊಡಲಿಲ್ಲ. ಅವರಿಗೆ ಗೊತ್ತಾಗಿದೆ. ಅವರು ಮೇಲಿನವರಿಗೆ ಬರೆದರೆ ನನ್ನ ಕೆಲಸ ಹೋಯಿತು, ಪಿಂಚಣಿಯೂ ಹೋಯಿತು.

ಮಾರ್ಚ್ 11, ಮಂಗಳವಾರ

ಬಸುರಿಯರ ದಿನ. ಮೂವತ್ತೆಂಟು ಜನ. ಮೂಲೆಯ ಟೈಲರಿಂಗ್ ಅಂಗಡಿಯವಳು ಬಂದಿದ್ದಳು, ಆರು ತಿಂಗಳು ತುಂಬಿದೆ. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಬೆರಳು ಚುಚ್ಚಿ ಸಿಫಿಲಿಸ್ ಪರೀಕ್ಷೆಯ ಪಟ್ಟಿಯ ಮೇಲೆ ಹನಿ ಬಿಟ್ಟೆ. ಕಾಯುವಾಗ ಅವಳು ಚಿನಕುರುಳಿಯ ಕೋಟಿನ ಹೊಲಿಗೆ ಬಿಟ್ಟಿರುವುದನ್ನು ನೋಡಿ, "ಯಾರು ಹೊಲ್ದಿದ್ದು ಇದನ್ನ? ಮೂಟೆ ಹೊಲಿಯೋನಾ?" ಎಂದಳು.

ಎರಡು ಗೆರೆ ಬಂದವು, ಎಂದರೆ ಕಾಯಿಲೆ ಇದೆ.

ಡಾಕ್ಟರು ಎಂದಿನಂತೆ ಮಾತ್ರೆ ಬರೆದು ಕಾರ್ಡು ನನ್ನ ಕಡೆ ತಳ್ಳಿದರು. ಡ್ರಾಯರು ಎಳೆದೆ. ಸೀಲು ಹೊಡೆದೆ. ಎರಡು ದಿನ ಕೂತು ಕಲಿತು ಬಂದ ಮೇಲೂ ಹೊಡೆದೆ. ನನ್ನ ಕೈ ಸ್ಪಂಜಿಗೆ ನಡುಗಿತು, ಸೀಲಿಗೆ ನಡುಗಲಿಲ್ಲ.

ಅವಳು ಚೀಟಿ ನೋಡಿ ಹೇಳಿದ್ದು ಇಷ್ಟು. "ಹೋದ ಸಲಾನೂ ಇದೇ ಮಾತ್ರೆ ಕೊಟ್ಟಿದ್ರಿ ಸಿಸ್ಟರ್. ಒಂದೂ ತಪ್ಪಿಸದೆ ನುಂಗಿದ್ದೆ. ಆದ್ರೂ ಮಗು ಉಳೀಲಿಲ್ಲ."

ಮಾರ್ಚ್ 12, ಬುಧವಾರ

ಏನೂ ಬರೆಯಲಾರೆ.

ಮಾರ್ಚ್ 13, ಗುರುವಾರ

ಹಳೇ ಕಾರ್ಡುಗಳ ಕಬ್ಬಿಣದ ಬೀರು ತೆಗೆದು ಹುಡುಕಿದೆ. ಸಿಗದಿರಲೆಂದು ಬೇಡಿಕೊಳ್ಳುತ್ತಲೇ ಹುಡುಕಿದೆ. ಎರಡು ವರ್ಷದ ಹಿಂದಿನದು ಸಿಕ್ಕಿತು. ಅವಳ ಹೆಸರು, ಮಾತ್ರೆ, ಕೆಂಪು ಸೀಲು, ಸೀಲಿನ ಪಕ್ಕ ನನ್ನ ಸಹಿ. ಕೆಳಗೆ ಬೇರೆ ಇಂಕಿನಲ್ಲಿ ಒಂದು ಸಾಲು: "ಎಂಟನೇ ತಿಂಗಳು. ಸತ್ತು ಹುಟ್ಟಿದ ಶಿಶು." ಅದೂ ನನ್ನದೇ ಅಕ್ಷರ. ಬರೆದ ನೆನಪೇ ಇಲ್ಲ.

ಅವತ್ತು ಅವಳಿಗೆ ನಾನು ಏನು ಹೇಳಿರಬಹುದು? ಹಣೆಬರಹ ಅಂದಿರುತ್ತೇನೆ. ಎಲ್ಲರಿಗೂ ಹಾಗೇ ಅನ್ನುತ್ತೇನೆ.

ಮಾರ್ಚ್ 14, ಶುಕ್ರವಾರ

ಎರಡೂ ಕಾರ್ಡು ಡಾಕ್ಟರ ಮುಂದಿಟ್ಟೆ. ಅವರು ಬಹಳ ಹೊತ್ತು ನೋಡಿದರು.

"ನಂಗೆ ರಿಟೈರಾಗೋಕೆ ಇನ್ನು ಎರಡು ವರ್ಷ ಉಳಿದಿದೆ ಸಿಸ್ಟರ್. ಬೀಸೋ ದೊಣ್ಣೆ ತಪ್ಪಿಸ್ಕೊಂಡ್ರೆ ಸಾವಿರ ವರ್ಷ ಆಯಸ್ಸು. ದೊಡ್ಡಾಸ್ಪತ್ರೆಗೆ ಬರ್ಕೊಡೋಣ, ಅವರು ನೋಡ್ಕೋತಾರೆ."

"ದೊಡ್ಡಾಸ್ಪತ್ರೆಯೋರು ಕಾರ್ಡು ನೋಡ್ತಾರೆ ಸಾರ್. ಕಾರ್ಡಲ್ಲಿ ನಮ್ಮ ಸೀಲಿದೆ. ಅವರೂ ಮಾತ್ರೇನೇ ಕೊಡ್ತಾರೆ."

ಅವರು ಎರಡೂ ಕಾರ್ಡು ಮಗುಚಿ ಇಟ್ಟರು. ಆಮೇಲೆ ಕೇಳಿದರು, "ಅವನ ಥರಾನೇ ಆದ್ರೆ?"

ಅವನು. ಹನ್ನೊಂದು ವರ್ಷದಲ್ಲಿ ನಾವಿಬ್ಬರೂ ಒಮ್ಮೆಯೂ ಆಡದ ಮಾತು. ಬಡಗಿ, ನಲವತ್ತರ ಒಳಗಿನವನು, ಕಿವಿಗೆ ಪೆನ್ಸಿಲು ಸಿಕ್ಕಿಸಿಕೊಂಡು ಬಂದಿದ್ದ. ನಾನು ಇಂಜೆಕ್ಷನ್ ಕೊಟ್ಟೆ. "ಬರ್ತೀನಿ ಸಿಸ್ಟರ್" ಎಂದು ಎದ್ದ. ಹೊಸ್ತಿಲು ದಾಟುವಷ್ಟರಲ್ಲಿ ಗಂಟಲು ಹಿಡಿದುಕೊಂಡು ಕುಸಿದ. ಜೀವ ಉಳಿಸುವ ಅಡ್ರಿನಲಿನ್ ಬೀರುವಿನಲ್ಲಿತ್ತು. ಬೀರುವಿಗೆ ಬೀಗ. ಬೀಗದ ಕೈ ಸ್ಟೋರಿನವನ ಜೇಬಿನಲ್ಲಿ. ಸ್ಟೋರಿನವನು ಮನೆಗೆ ಊಟಕ್ಕೆ ಹೋಗಿದ್ದ. ನಾನು ಬರಿಗೈಯಲ್ಲಿ ಬೀರುವಿನ ಬಾಗಿಲು ಗುದ್ದಿದೆ. ಬೀಗದ ಕೈ ಬರುವಷ್ಟರಲ್ಲಿ ಅವನ ಉಸಿರು ನಿಂತಿತ್ತು, ಅವತ್ತಿನಿಂದ ನಾವು ಆ ಇಂಜೆಕ್ಷನ್ ಮುಟ್ಟಿಲ್ಲ.

ಇದನ್ನು ಮೊದಲ ಸಲ ಬರೆಯುತ್ತಿದ್ದೇನೆ. ಬರೆದ ಮೇಲೆ ಓದಿದರೆ ಬೇರೆ ಥರ ಕಾಣುತ್ತಿದೆ. ಇಷ್ಟು ವರ್ಷ ಸೂಜಿಯನ್ನು ಬೈದೆ, ಬೀಗವನ್ನು ಬೈಯಲಿಲ್ಲ.

ಮಾರ್ಚ್ 17, ಸೋಮವಾರ

ಬೆಳಗ್ಗೆ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಸೀಲಿನ ವಿಷಯವೂ ಹೇಳಿಬಿಟ್ಟೆ. ಅವರು, "ಅದನ್ನ ಆಮೇಲೆ ಮಾತಾಡೋಣಮ್ಮ. ಮೊದಲು ಆ ಹುಡುಗಿ" ಎಂದರು. ವಾರಕ್ಕೊಂದರಂತೆ ಮೂರು ವಾರ, ಒಂದೂ ತಪ್ಪಬಾರದು. ಗಂಡನಿಗೂ ಕೊಡಬೇಕು. ಅಡ್ರಿನಲಿನ್ ಮೊದಲು ಟ್ರೇಗೆ ಬರಬೇಕು, ಪೆನಿಸಿಲಿನ್ ಆಮೇಲೆ. ಕೊಟ್ಟ ಮೇಲೆ ಅರ್ಧ ಗಂಟೆ ಕಣ್ಣೆದುರೇ ಕೂರಿಸಬೇಕು.

ಮನೆಯವರಿಗೆ ಅರ್ಧ ಮಾತ್ರ ಹೇಳಿದೆ. ಅವರದು ಗಡಿಯಾರ ರಿಪೇರಿ. ಅಂಗಡಿಯಿಂದ ಒಂದು ಕೀ ಕೊಡುವ ಟೈಮರು ತಂದರು. "ಯಾರೋ ಕೊಟ್ಟು ಹೋದೋರು ಮೂರು ವರ್ಷದಿಂದ ಬಂದಿಲ್ಲ. ಇಟ್ಕೋ. ನಿನಗೆ ಹೆದರಿಕೆ ಆದ್ರೆ ನಿಮಿಷ ಗಂಟೆ ಥರ ಕಾಣುತ್ತೆ. ಇದಕ್ಕೆ ಹಾಗೆ ಕಾಣಲ್ಲ."

ನನಗೆ ಹೆದರಿಕೆ ಎಂದು ನಾನು ಹೇಳಿರಲಿಲ್ಲ.

ಮಾರ್ಚ್ 18, ಮಂಗಳವಾರ

ಟೈಲರಮ್ಮನನ್ನು ಬೆಳಗ್ಗೆಯೇ ಕರೆಸಿದ್ದೆ. ಜೊತೆಗೆ ಗಂಡ, ಬಸ್ ಡ್ರೈವರು, ಬಾಗಿಲಿನಷ್ಟು ದೊಡ್ಡ ಮನುಷ್ಯ.

"ಕಾರ್ಡಲ್ಲಿ ಒಗ್ಗಲ್ಲ ಅಂತ ಇದೆಯಲ್ಲ?" ಎಂದು ಅವಳೇ ಕೇಳಿದಳು.

"ಅದು ತಪ್ಪು. ಯಾವತ್ತಾದ್ರೂ ಇಂಜೆಕ್ಷನ್ ತಗೊಂಡು ಮೈಯೆಲ್ಲ ದದ್ದು, ಉಸಿರು ಕಟ್ಟಿದ್ದು, ಮುಖ ಊದಿದ್ದು ಆಗಿದೆಯಾ?"

"ಇಲ್ಲ. ಚಿಕ್ಕೋಳಿದ್ದಾಗ ಗಂಟಲು ನೋವಿಗೆ ಇದೇ ಪೆನಿಸಿಲಿನ್ ಹಾಕಿದ್ರು ಅಂತ ಅಮ್ಮ ಹೇಳ್ತಿದ್ರು. ಏನೂ ಆಗಿರ್ಲಿಲ್ಲ."

ಒಂದೇ ಒಂದು ಪ್ರಶ್ನೆ. ಎರಡು ವರ್ಷದ ಹಿಂದೆ ಕೇಳಬಹುದಿತ್ತು.

ಟ್ರೇ ಜೋಡಿಸಲು ಹೋದಾಗ ಬೀರುವಿನ ಬಾಗಿಲು ತೆರೆದೇ ಇತ್ತು. ಡಾಕ್ಟರು ಪಕ್ಕದಲ್ಲಿ ನಿಂತಿದ್ದರು. ಬೀಗವನ್ನೇ ತೆಗೆಸಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡಿದ್ದರು, ಜೇಬು ಜೋತು ಬಿದ್ದಿತ್ತು. ಅಡ್ರಿನಲಿನ್ ಟ್ರೇಯಲ್ಲಿಟ್ಟೆ. ಪೆನಿಸಿಲಿನ್ ಪುಡಿಗೆ ನೀರು ಬೆರೆಸಿ ಅಲ್ಲಾಡಿಸಿದೆ. ಅದು ಹಾಲಿನ ಹಾಗೆ ಬೆಳ್ಳಗೆ, ದಪ್ಪಗೆ. ಸೂಜಿಯೂ ದಪ್ಪ. ಅರ್ಧ ಬಲ ಸೊಂಟಕ್ಕೆ, ಅರ್ಧ ಎಡಕ್ಕೆ. ನಡುಗುವ ಕೈಯಲ್ಲೇ ಕೊಟ್ಟೆ. ಅವಳು ಹಲ್ಲು ಕಚ್ಚಿ, "ನನ್ನ ಮಿಷನ್ನಿನ ಸೂಜೀನೇ ವಾಸಿ" ಎಂದಳು.

ಟೈಮರಿಗೆ ಕೀ ಕೊಟ್ಟು ಎದುರು ಕೂತೆ. ನಾಲ್ಕು ನಿಮಿಷ. ಆರು. ನನ್ನ ಕಣ್ಣು ಹೊಸ್ತಿಲ ಕಡೆಗೇ ಹೋಗುತ್ತಿತ್ತು. ಒಂಬತ್ತನೇ ನಿಮಿಷಕ್ಕೆ ಅವಳು, "ಸಿಸ್ಟರ್, ತಲೆ ತಿರುಗ್ತಿದೆ" ಎಂದಳು.

ಅಡ್ರಿನಲಿನ್ ಸಿರಿಂಜು ನನ್ನ ಕೈಗೆ ಯಾವಾಗ ಬಂತೋ ಗೊತ್ತಿಲ್ಲ. ಎಡಮಗ್ಗುಲಿಗೆ ಮಲಗಿಸಿದೆ. ನಾಡಿ ಹಿಡಿದೆ, ನಿಧಾನ. ಮೈ ತಣ್ಣಗೆ. ದದ್ದಿಲ್ಲ. ಉಸಿರಿನಲ್ಲಿ ಸುಂಯ್ ಎನ್ನುವ ಸದ್ದಿಲ್ಲ. ಬಿ.ಪಿ. ಸ್ವಲ್ಪ ಕಡಿಮೆ, ಅಷ್ಟೇ. ಬಡಗಿಗೆ ಆದದ್ದು ಇದಲ್ಲ, ಇದು ಅದಲ್ಲ ಎಂದು ಜೋರಾಗಿಯೇ ಹೇಳಿಕೊಂಡೆನಂತೆ. ಚಿನಕುರುಳಿ ಅವಳ ಮುಖಕ್ಕೆ ಬಗ್ಗಿ ಏನೋ ಕೇಳಿ ತಲೆಯೆತ್ತಿದಳು. "ಅಕ್ಕಾ, ಬೆಳಗ್ಗಿಂದ ಏನೂ ತಿಂದಿಲ್ವಂತೆ ಇವ್ರು!"

ನಾಡಿ ಸರಿಯಾಗುವವರೆಗೆ ಬಿಡದೆ ಹಿಡಿದಿದ್ದೆ. ಆಮೇಲೆ ಬಿಸ್ಕತ್ತು, ಸಕ್ಕರೆ ಹಾಕಿದ ಚಹಾ. ಮೂವತ್ತನೇ ನಿಮಿಷಕ್ಕೆ ಟೈಮರು ಹೊಡೆದುಕೊಂಡಾಗ ಮೂರ್ಛೆ ಹೋದದ್ದು ಅವಳ ಗಂಡ. ತನ್ನ ಸರದಿ ಬಂತೆಂದು ಗೊತ್ತಾಗಿ ಗೋಡೆಗೆ ಒರಗಿ ಹಾಗೇ ಕೂತುಬಿಟ್ಟ.

ಹೊಸ್ತಿಲು ದಾಟಿ ಅವಳು ನಡೆದುಕೊಂಡು ಹೋದದ್ದನ್ನು ಬೀದಿಯ ತಿರುವಿನವರೆಗೂ ನೋಡಿದೆ.

ಮಾರ್ಚ್ 25, ಮಂಗಳವಾರ

ಎರಡನೇ ಇಂಜೆಕ್ಷನ್ ಆಯಿತು. ಇವತ್ತು ಹೊಟ್ಟೆ ತುಂಬ ತಿಂದು ಬಂದಿದ್ದಳು. ಮಗು ಒದೆಯುತ್ತಿದೆ ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. "ನೀವು ನಮ್ಮ ಪಾಲಿನ ದೇವರು ಸಿಸ್ಟರ್" ಎಂದಳು.

ಅದನ್ನು ಕೇಳಿ ಸುಮ್ಮನಿರಲು ಆಗಲಿಲ್ಲ. ಹೇಳಿದರೆ ಮುಂದಿನ ವಾರ ಇವಳು ಬರುವುದಿಲ್ಲ, ಬರದಿದ್ದರೆ ಎಲ್ಲ ಮೊದಲಿಂದ ಶುರು, ದಿನ ಸಾಲುವುದಿಲ್ಲ. ಮೂರನೆಯದು ಮುಗಿಯಲಿ, ಆಮೇಲೆ ಹೇಳು ಎಂದು ಬುದ್ಧಿ ಹೇಳುತ್ತಲೇ ಇತ್ತು. ಬಾಯಿ ಕೇಳಲಿಲ್ಲ. ಹಳೇ ಕಾರ್ಡನ್ನು ಅವಳ ಕೈಗೆ ಕೊಟ್ಟು ಸೀಲು, ಮಾತ್ರೆ, ನನ್ನ ಸಹಿ, ಎಲ್ಲ ಹೇಳಿದೆ. ಹೋದ ಸಲ ಕೈಕೊಟ್ಟಿದ್ದು ಹಣೆಬರಹವಲ್ಲ, ನಾವು ಎಂದೆ.

ನನ್ನ ಕೈಯನ್ನು ಹೊಟ್ಟೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟಳು. ಟೈಮರು ಹೊಡೆಯುವವರೆಗೆ ಕೂತಿದ್ದಳು. ಒಂದು ಮಾತೂ ಆಡದೆ ಹೋದಳು.

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ನನಗೆ ಬುದ್ಧಿ ಬಂದದ್ದೂ ತಪ್ಪಾದ ದಿನವೇ. ಅವಳು ಬರದಿದ್ದರೆ ಈ ಮಗುವನ್ನೂ ನಾನೇ ಕೊಂದಂತೆ.

ಮಾರ್ಚ್ 30, ಭಾನುವಾರ

ಅವಳ ಅಂಗಡಿಯ ಮುಂದೆ ಎರಡು ಸಲ ಹಾದುಹೋದೆ. ರಜೆ, ಬಾಗಿಲು ಹಾಕಿತ್ತು.

ಏಪ್ರಿಲ್ 1, ಮಂಗಳವಾರ

ಹತ್ತು ಗಂಟೆಯಾಯಿತು, ಬರಲಿಲ್ಲ. ಹನ್ನೊಂದಾಯಿತು. "ಬರ್ತಾರೆ ಬಿಡಿ ಅಕ್ಕಾ" ಎಂದು ಚಿನಕುರುಳಿ ಐದಾರು ಸಲ ಹೇಳಿ ಕೊನೆಗೆ ಅವಳೂ ಸುಮ್ಮನಾದಳು. ಅವಳು ಸುಮ್ಮನಾದದ್ದು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು. ಹನ್ನೆರಡಕ್ಕೆ ನಾನೇ ಹೊರಟೆ.

ಮಿಷನ್ನಿನ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. ನಾನು ಬಾಗಿಲಲ್ಲೇ ನಿಂತೆ.

"ನನ್ನನ್ನ ಬೈಯಿರಿ, ಮೇಲಿನೋರಿಗೆ ಕಂಪ್ಲೇಂಟ್ ಕೊಡಿ, ವಿಳಾಸ ನಾನೇ ಬರ್ಕೊಡ್ತೀನಿ. ಇಂಜೆಕ್ಷನ್ ಮಾತ್ರ ಬಿಡ್ಬೇಡಿ. ಬೇರೆ ಕ್ಲಿನಿಕ್ಕಿಗೆ ಹೋಗ್ತೀನಿ ಅಂದ್ರೂ ಸರಿ, ನಾನು ಆಟೋ ತರ್ತೀನಿ."

ಹೊಲಿಗೆ ಮುಗಿಸಿದಳು. ದಾರ ಕಚ್ಚಿ ಹರಿದಳು. ಹೊಟ್ಟೆ ಹಿಡಿದುಕೊಂಡು ಎದ್ದಳು.

"ನಿಮ್ಮ ಕೈಲೇ ಹಾಕಿಸ್ಕೋತೀನಿ. ಅದು ಹೊಟ್ಟೇಲಿರೋ ಮಗುಗೋಸ್ಕರ. ನನ್ನ ಜೊತೆ ಮಾತಾಡ್ಬೇಡಿ."

ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ಕ್ಲಿನಿಕ್ಕಿನಲ್ಲಿ ಕೊಟ್ಟೆ. ಟೈಮರು ಟಿಕ್ ಟಿಕ್ ಎನ್ನುತ್ತಿತ್ತು. ಅವಳು ಗೋಡೆ ನೋಡುತ್ತಿದ್ದಳು, ನಾನು ಅವಳ ಉಸಿರು ನೋಡುತ್ತಿದ್ದೆ. ಗಂಟೆ ಹೊಡೆಯಿತು. ಹೋಗುವ ಮೊದಲು ಹಿಂದೆ ತಿರುಗದೆಯೇ ಹೇಳಿದಳು.

"ಬೇರೆ ನರ್ಸುಗಳಿಗೆ ಪಾಠ ಮಾಡ್ತೀರಂತೆ. ಮಾಡೋವಾಗ ಅವನ ಬಗ್ಗೇನೂ ಹೇಳಿ. ಶಿಶು ಅಂತ ಬರೆದು ಬಿಟ್ಟಿದೀರಿ ಕಾರ್ಡಲ್ಲಿ. ಗಂಡು ಮಗು ಅವನು. ತಲೆ ತುಂಬ ಕೂದಲಿತ್ತು."

ಏಪ್ರಿಲ್ 22, ಮಂಗಳವಾರ

ಸೀಲು ಬಿದ್ದ ಕಾರ್ಡು ಬೀರುವಿನಲ್ಲಿ ನೂರಾ ಹನ್ನೆರಡು. ಚಿನಕುರುಳಿ ಓದುತ್ತಾಳೆ, ನಾನು ಫೋನ್ ಮಾಡುತ್ತೇನೆ. ಕೆಲವರು ಬೈದು ಇಡುತ್ತಾರೆ, ಕೆಲವರು ಊರು ಬಿಟ್ಟಿದ್ದಾರೆ. ಈ ವಾರ ಏಳು ಜನ ಬಂದರು, ಏಳು ಜನಕ್ಕೂ ಕೊಟ್ಟೆ. ಡಾಕ್ಟರು ನಡೆದದ್ದನ್ನೆಲ್ಲ ಮೇಲಿನ ಆಫೀಸಿಗೆ ಬರೆದರು, ಕೆಳಗೆ ಇಬ್ಬರೂ ಸಹಿ ಹಾಕಿದೆವು. ಉತ್ತರ ಇನ್ನೂ ಬಂದಿಲ್ಲ.

ಮೊನ್ನೆ ಮೊದಲ ಸಲ ಚಿನಕುರುಳಿಯ ಕೈಗೆ ಸಿರಿಂಜು ಕೊಟ್ಟು ನೀನೇ ಹಾಕು ಎಂದೆ. "ಕೈ ನಡುಗ್ತಿದೆ ಅಕ್ಕಾ."

"ನಡುಗಲಿ. ಟ್ರೇಲಿ ಎಲ್ಲ ಇದೆಯಾ ನೋಡ್ಕೋ. ಇದೆ ತಾನೆ? ಹಾಗಾದ್ರೆ ಕೊಡು."

ನನ್ನ ಪುಕ್ಕಲುತನ ಮಾತ್ರ ಹಾಗೇ ಇದೆ. ಇನ್ನೊಬ್ಬರಿಗೆ ಹೇಳುವುದು ಸುಲಭ.

ಜೂನ್ 12, ಗುರುವಾರ

ಹೆಣ್ಣು ಮಗು. ಎರಡು ಕೆ.ಜಿ. ಒಂಬೈನೂರು ಗ್ರಾಂ. ದೊಡ್ಡಾಸ್ಪತ್ರೆಯಲ್ಲಿ ತಲೆಯಿಂದ ಕಾಲಿನವರೆಗೆ ನೋಡಿ ರಕ್ತವನ್ನೂ ಪರೀಕ್ಷೆ ಮಾಡಿದ್ದಾರೆ. ಭಯವಿಲ್ಲ, ಕೆಲವು ತಿಂಗಳು ಆಗಾಗ ತಂದು ತೋರಿಸಿ ಎಂದರಂತೆ. ನಾವಿಬ್ಬರೂ ನೋಡಲು ಹೋಗಿದ್ದೆವು. ಟೈಲರಮ್ಮ ಮಗುವನ್ನು ಚಿನಕುರುಳಿಯ ಕೈಗೆ ಕೊಟ್ಟಳು. ನನ್ನ ಕೈಗೆ ಕೊಡಲಿಲ್ಲ. ಅದು ನ್ಯಾಯವೇ. ಅತ್ತಾಗ ವಾರ್ಡಿಗೆ ವಾರ್ಡೇ ಕೇಳಿಸುವಂಥ ಗಂಟಲು. ತಲೆ ತುಂಬ ಕೂದಲು.

ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ.

ಜೂನ್ 20, ಶುಕ್ರವಾರ

ಹೋದ ಶನಿವಾರ ಮೇಲಿನಿಂದ ನನಗೂ ಡಾಕ್ಟರಿಗೂ ಛೀಮಾರಿಯ ಕಾಗದ ಬಂತು, ಒಂದು ವರ್ಷದ ಬಡ್ತಿ ತಡೆ. ಅದೇ ಲಕೋಟೆಯಲ್ಲಿ ಇನ್ನೊಂದು ಕಾಗದ. ನಲವತ್ತು ನರ್ಸುಗಳಿಗೆ ನಾನೇ ಪಾಠ ಹೇಳಬೇಕಂತೆ. ಡಾಕ್ಟರಮ್ಮ ಹೇಳಿ ಮಾಡಿಸಿದ್ದಿರಬೇಕು.

ಇವತ್ತು ಅದೂ ಆಯಿತು. ಹುಣ್ಣು, ದದ್ದು, ಎರಡು ಗೆರೆ, ಅರ್ಧ ಗಂಟೆ, ಎಲ್ಲ ಹೇಳಿದೆ. ಬೀಗ ತೆಗೆದು ಹಾಕಿ ಎಂದೆ. ಆಮೇಲೆ ಚೀಲದಿಂದ ಸೀಲು ತೆಗೆದು ಮೇಜಿನ ಮೇಲಿಟ್ಟು, ಇದು ಏನು, ಯಾರು ಮಾಡಿಸಿದ್ದು, ಎಷ್ಟು ಕಾರ್ಡಿಗೆ ಹೊಡೆದದ್ದು ಎಂದು ಹೇಳಿದೆ. ಬಡಗಿಯ ಬಗ್ಗೆ ಹೇಳಿದೆ. ಕೊನೆಗೆ, "ಎರಡು ವರ್ಷದ ಹಿಂದೆ ಒಂದು ಗಂಡು ಮಗು ಇತ್ತು, ಎಂಟು ತಿಂಗಳದ್ದು, ತಲೆ ತುಂಬ ಕೂದಲಿತ್ತು" ಎಂದೆ. ಅಷ್ಟು ಹೇಳಿ ಕೂತೆ.

ಹಿಂದಿನ ಸಾಲಿನಲ್ಲಿ ನನ್ನಷ್ಟೇ ವಯಸ್ಸಿನ ಒಬ್ಬಾಕೆ, ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದವರು, ನಿಧಾನವಾಗಿ ಕೈ ಎತ್ತಿದರು.

"ನಮ್ಮಲ್ಲಿ ಸೀಲಿಲ್ಲ ಸಿಸ್ಟರ್. ನಾವು ಪೆನ್ನಲ್ಲಿ ಬರೀತೀವಿ."

ಸೋಮವಾರ ಅವರ ಕ್ಲಿನಿಕ್ಕಿಗೆ ಹೋಗುತ್ತಿದ್ದೇನೆ. ಟೈಮರು ಚೀಲಕ್ಕೆ ಹಾಕಿಕೊಳ್ಳಲು ಮರೆಯಬಾರದು.